ಬಿಲ್ಲೆ ಇಲ್ಲದವರಿಗೆ ಸೈಕಲ್ ಇಲ್ಲ

ಅರಸೀಕೆರೆ
ಭಾನುವಾರ, ೨೪-೧೦-೧೯೯೯

ಸ್ವಸ್ತಿ ಸಮಸ್ತ ಪ್ರಶಸ್ತಿ ಸಹಿತಂ, ಶ್ರೀಮನ್ಮಹಾ ಇಂಜೆಕ್ಷನ್ ಚಕ್ರವರ್ತಿನಿ, ಜ್ವರಕುಲ ಕುಠಾರೆ, ಥರ್ಮಾಮೀಟರ್ ಧ್ವಜಾಲಂಕೃತೆ, ಕಣ್ಣು ಅಗಲಿಸಿದರೆ ಕಾಂಪೌಂಡರುಗಳು ಗಡಗಡ ನಡುಗುವ ಬೀದರ್ ಪುರವರಾಧೀಶ್ವರಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಶ್ರೀಮತಿ ಮಂಜುಳಾದೇವಿಯರ ದಿವ್ಯಪಾದಗಳಿಗೆ, ಅವರ ಎರಡನೆಯ ಹಾಗೂ ಎರಡನೇ ದರ್ಜೆಯ ಪುತ್ರನಾದ ರಾಹುಲನು ಅಡ್ಡಬಿದ್ದು ಕೆತ್ತಿಸಿದ ಶಾಸನವಿದು. ಇದನ್ನು ಪೂರ್ತಿ ಓದದೆ ಅರ್ಧಕ್ಕೆ ಮಡಿಸಿಟ್ಟವರು ಅರಸೀಕೆರೆಯಿಂದ ಬೀದರ್‌ವರೆಗೆ ರೈಲಿನ ಬಾಗಿಲ ಬಳಿ ಒಂಟಿಕಾಲಲ್ಲಿ ನಿಂತು ಪ್ರಯಾಣಿಸಿದ ಕಷ್ಟಕ್ಕೆ ಗುರಿಯಾಗುವರು.

ಅಮ್ಮಾ, ಇನ್ನು ಮೇಲೆ ಅಮ್ಮಾ ಅಂತಲೇ ಬರೆಯುತ್ತೇನೆ. ಆ ಧಾಟಿಯಲ್ಲೇ ಮುಂದುವರಿದರೆ ನನಗೇ ಉಸಿರು ಕಟ್ಟುತ್ತದೆ. ಹೇಗಿದ್ದೀಯ? ಕಾಲಿನ ಊತ ಇಳಿಯಿತಾ? ಊರಿನವರಿಗೆಲ್ಲ ‘ಕಾಲು ಮೇಲಿಟ್ಟುಕೊಂಡು ಕೂತ್ಕೊಳ್ಳಿ’ ಅಂತ ಹೇಳುವವಳು ನೀನು, ನಿನಗೆ ಹೇಳುವವರು ಅಲ್ಲಿ ಯಾರೂ ಇಲ್ಲ ಅಂತ ಅಜ್ಜಿ ದಿನಕ್ಕೆರಡು ಸಲ ಕೊರಗುತ್ತಾಳೆ. ಜೋಳದ ರೊಟ್ಟಿ ಅಭ್ಯಾಸವಾಯಿತು ಅಂತ ಬರೆದಿದ್ದೆ, ಅದನ್ನು ಓದಿ ಹೇಳಿದಾಗ ಅಜ್ಜಿ, “ಮುದ್ದೆ ತಿಂದ ಹೊಟ್ಟೆಗೆ ರೊಟ್ಟಿ ಎಲ್ಲಿ ನಾಟ್ತದೆ, ಸುಳ್ಳು ಬರ್ದವ್ಳೆ” ಅಂದಳು. ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿ ಅದಕ್ಕಿಂತ ಚೆನ್ನಾಗಿದೆ. ದಸರೆಯ ದಿನ ಬುದ್ಧನ ಪಟಕ್ಕೆ ನಾನೇ ಹೂ ಹಾಕಿ ಮೇಣದಬತ್ತಿ ಹಚ್ಚಿದೆ. ಬಿ.ಕಾಂ. ಎರಡನೇ ವರ್ಷದ ವಿಷಯ ಮಾತ್ರ ಈ ಶಾಸನದ ವ್ಯಾಪ್ತಿಗೆ ಬರುವುದಿಲ್ಲ.

ಈಗ ನಿನ್ನ ಹದಿನಾರನೇ ತಾರೀಕಿನ ಕಾಗದ. ದೀಪಾವಳಿಗೆ ಬರುತ್ತೇನೆ, ಕ್ವಾರ್ಟರ್ಸ್ ಸಿಕ್ಕಿದೆ, ಮಧುವನ್ನು ಜೊತೆಗೇ ಕರೆದುಕೊಂಡು ಹೋಗುತ್ತೇನೆ, ಅವನ ಬಟ್ಟೆ ಜೋಡಿಸಿಡು ಅಂತ ಬರೆದಿದ್ದೀಯ. ನಾನು ಅದನ್ನು ಊಟದ ಹೊತ್ತಿನಲ್ಲಿ ಜೋರಾಗಿ ಓದಿದೆ. ಅಜ್ಜಿ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಮಧು ಅಣ್ಣನ ಮುಖ ನೋಡಿ, “ನಿಮ್ಮವ್ವ ಕರ್ಕೊಂಡೋಗಾಕೆ ಬತ್ತಾಳಂತೆ ಕಣಪ್ಪಾ” ಅಂದಳು. ಅವನು ಸಾರು ಸುರಿದುಕೊಂಡು, “ಸೋಮವಾರ ಡ್ಯೂಟಿ ಐತೆ” ಅಂದ. ಊಟ ಮುಗಿಸಿ, ಕೈ ತೊಳೆದು, ಡ್ಯೂಟಿಯ ಖಾಕಿ ಅಂಗಿಯನ್ನು ಬಕೆಟ್ಟಿಗೆ ಹಾಕಿ ಒಗೆಯಲು ಕೂತ. ಅಷ್ಟೇ. ಅಂಗಿ ಅವತ್ತು ಬೆಳಿಗ್ಗೆ ತಾನೇ ಒಗೆದದ್ದು. ಅವನು ಅದನ್ನು ಮತ್ತೆ ಮತ್ತೆ ಉಜ್ಜುತ್ತಿದ್ದ. ಅದನ್ನು ನೋಡಿದ ಮೇಲೆ ಈ ಹೇಳಿಕೆ ಸಲ್ಲಿಸಲೇಬೇಕು ಅನ್ನಿಸಿತು. ಹೇಳಿಕೆ ಎಂದ ಮೇಲೆ ಮೊದಲಿನಿಂದ ಇರಬೇಕು, ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಮತ್ತೊಮ್ಮೆ ಕೇಳಿಸಿಕೋ.

ಜೂನ್‌ನಲ್ಲಿ ನಿನಗೆ ಬೀದರ್‌ಗೆ ವರ್ಗವಾಯಿತು. ಜುಲೈನಲ್ಲಿ ಹೇಮಾಶ್ರೀ ಮೇಡಂ ನಮ್ಮ ಮನೆಗೆ ಬಂದರು. ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯವರು, ಮಧು ಅಣ್ಣನಂಥವರಿಗೆ ಕೆಲಸ ಹುಡುಕಿಕೊಟ್ಟು, ಕೆಲಸದ ಜಾಗಕ್ಕೇ ಜೊತೆಗೆ ಹೋಗಿ ನಿಂತು ಕಲಿಸುವ ಒಂದು ಸಂಸ್ಥೆಯವರು. ಹುಟ್ಟಿದಾಗ ಅಳುವುದಕ್ಕೆ ತಡಮಾಡಿದ ಮಗು, ಇಪ್ಪತ್ತಾರು ವರ್ಷವಾದರೂ ಇಪ್ಪತ್ತರ ಮೇಲೆ ಎಣಿಸಲು ಬಾರದವನು, ಇವನಿಗೆ ಯಾವ ಕೆಲಸ ಅಂತ ನೀನು ಫೋನಿನಲ್ಲಿ ಅತ್ತೆ. ಆಮೇಲೆ ಎರಡು ಷರತ್ತು ಹಾಕಿ ಒಪ್ಪಿದೆ. ಒಂದು, ಅವನು ಹೋಗುವಾಗ ಬರುವಾಗ ಬಿ.ಎಚ್. ರಸ್ತೆ ದಾಟುವಾಗ ನಾನು ಹಿಂದೆಯೇ ಇರಬೇಕು. ಎರಡು, ಪ್ರತಿದಿನ ನಿನಗೊಂದು ಕಾರ್ಡ್ ಬರೆಯಬೇಕು. ಒಂದು ದಿನ ತಪ್ಪಿದರೂ ಬಂದು ಕರೆದುಕೊಂಡು ಹೋಗುತ್ತೇನೆ ಅಂದಿದ್ದೆ. ಕಾರ್ಡ್ ಒಂದಾದರೂ ತಪ್ಪಿತೇ? ನೀನೇ ಬರೆದಿದ್ದೀಯ, ‘ನೀನು ಇಷ್ಟು ಶಿಸ್ತಿನವನು ಅಂತ ಗೊತ್ತಿರಲಿಲ್ಲ ಮಗಾ’ ಅಂತ. ಆ ಸಾಲನ್ನು ನಾನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದೇನೆ.

ಕೆಲಸ ಸಿಕ್ಕಿದ್ದು ರೈಲ್ವೆ ಸ್ಟೇಷನ್ನಿನ ಹತ್ತಿರ ಮರಿಯಣ್ಣನ ಸೈಕಲ್ ಸ್ಟ್ಯಾಂಡಿನಲ್ಲಿ. ಬೆಳಗಿನ ರೈಲಿಗೆ ತಿಪಟೂರು, ಕಡೂರು ಕಡೆ ಹೋಗುವ ನೌಕರರೆಲ್ಲ ಸೈಕಲ್, ಲೂನಾ ಬಿಟ್ಟು ಓಡುತ್ತಾರೆ. ಪ್ರತಿ ಗಾಡಿಗೂ ಜೋಡಿ ತಗಡಿನ ಬಿಲ್ಲೆ. ಒಂದನ್ನು ಹ್ಯಾಂಡಲಿಗೆ ತೂಗುಹಾಕಬೇಕು, ಇನ್ನೊಂದನ್ನು ಗಾಡಿಯವನ ಕೈಗೆ ಕೊಡಬೇಕು. ಸಂಜೆ ಎರಡನ್ನೂ ಹೊಂದಿಸಿ ನೋಡಿ ಗಾಡಿ ಬಿಡಬೇಕು. ಮರಿಯಣ್ಣನ ಬಿಲ್ಲೆಗಳಲ್ಲಿ ನೂರರವರೆಗೆ ನಂಬರು. ಮೇಡಂ ಒಂದು ದಿನವೆಲ್ಲ ಸುಮ್ಮನೆ ಕೂತು ನೋಡಿ, ನಂಬರು ಅಳಿಸಿ ಚಿತ್ರ ಬರೆಸಿದರು. ಆನೆ ಸಾಲು, ತೆಂಗಿನಕಾಯಿ ಸಾಲು, ರೈಲು ಸಾಲು, ಕೊಡೆ ಸಾಲು, ಒಂದೊಂದರಲ್ಲೂ ಒಂದರಿಂದ ಇಪ್ಪತ್ತು. ಚಿತ್ರ ಬರೆಯುವ ಗುತ್ತಿಗೆ ನನ್ನದು. ಐದನೇ ಸಾಲಿಗೆ ಕುದುರೆ ಬರಿ ಅಂದಿದ್ದರು. ನಾನು ಬರೆದದ್ದಕ್ಕೆ ಕಿವಿ ಸ್ವಲ್ಪ ಉದ್ದವಾಯಿತು. ಬೇಕಂತಲೇ ಆಯಿತು ಅಂತ ಮರಿಯಣ್ಣನ ವಾದ. ಅದರಿಂದಾಗಿ ತಿಪಟೂರು ತಾಲ್ಲೂಕು ಕಚೇರಿಯ ಹೆಡ್ ಕ್ಲರ್ಕ್ ಇಂದುಧರ ಅವರು ದಿನಾ ಸಂಜೆ ಎಲ್ಲರೆದುರು ಬಂದು, “ಮಧೂ, ನನ್ನ ಕತ್ತೆ ನಾಲ್ಕು ಎಲ್ಲಪ್ಪಾ?” ಅಂತ ಕೇಳಬೇಕಾಗಿ ಬಂದಿದೆ. ಆನೆ ಸಾಲಿಗೆ ಬಡ್ತಿ ಕೊಡು ಅಂತ ಅವರು ಮೂರು ಸಲ ಮನವಿ ಸಲ್ಲಿಸಿದರು. ಮಧು ಅಣ್ಣ, “ಆನೆ ಫುಲ್ಲು” ಅಂದ. ಸರ್ಕಾರಿ ನೌಕರ ತಾನೇ, ಅವರಿಗೆ ಅರ್ಥವಾಯಿತು.

ಮೇಡಂ ಕೆಲಸವನ್ನು ಏಳು ಚಿತ್ರ ಮಾಡಿ ಒಂದು ಹಾಳೆಯಲ್ಲಿ ಬರೆದು ಕಂಬಕ್ಕೆ ಅಂಟಿಸಿದರು. ಮೊದಲ ವಾರ ಅವನ ಪಕ್ಕದಲ್ಲೇ ನಿಂತು, ಕೈ ಹಿಡಿದು ಬಿಲ್ಲೆ ಹಾಕಿಸಿದರು. ಎರಡನೇ ವಾರ ಕೈ ಬಿಟ್ಟು ಬೆರಳಲ್ಲಿ ತೋರಿಸಿದರು. ಆಮೇಲೆ ಎರಡು ಮಾರು ದೂರದ ಸ್ಟೂಲಿಗೆ ಹೋದರು. ಆಮೇಲೆ ಎದುರಿನ ಟೀ ಅಂಗಡಿಯ ಬೆಂಚಿಗೆ. ಒಂದು ದಿನ ಅವನು ತೆಂಗಿನಕಾಯಿ ಹನ್ನೊಂದನ್ನು ತಪ್ಪು ಸಾಲಿಗೆ ಹಾಕಿದ. ನಾನು ಹೇಳಲು ಎದ್ದೆ. ಮೇಡಂ ನನ್ನ ಅಂಗಿ ಹಿಡಿದು ಎಳೆದು ಕೂರಿಸಿ, “ಕೂತ್ಕೊಳೋ ಸುಮ್ನೆ. ಅವನೇ ನೋಡ್ಕೋತಾನೆ” ಅಂದರು. ಅಮ್ಮಾ, ಅದನ್ನು ಅವನು ನೋಡಿಕೊಳ್ಳುವುದಕ್ಕೆ ಎರಡು ಟೀ ಮುಗಿಯಿತು. ನೋಡಿಕೊಂಡ. ಸೆಪ್ಟೆಂಬರಿನಿಂದ ಮೇಡಂ ಮಂಗಳವಾರ ಮಾತ್ರ ಬರುತ್ತಾರೆ. ಉಳಿದ ದಿನ ಬೇಲೂರಿನಲ್ಲಿ, ಅಲ್ಲಿ ಬೇಕರಿಯಲ್ಲಿ ರಸ್ಕ್ ಪೊಟ್ಟಣ ಕಟ್ಟಲು ಕಲಿಯುತ್ತಿರುವ ಒಬ್ಬ ಹುಡುಗಿಯ ಜೊತೆ. “ನಾನು ಹಿಂದೆ ಸರೀತಾ ಹೋಗೋದೇ ನನ್ನ ಕೆಲಸ ಕಣಪ್ಪಾ, ಸರಿಯೋಕೆ ಬರ್ಲಿಲ್ಲ ಅಂದ್ರೆ ಕಲಿಸೋಕೆ ಬರ್ಲಿಲ್ಲ ಅಂತ” ಅನ್ನುತ್ತಾರೆ.

ಇನ್ನು ನನ್ನ ಹಿಂಬಾಲಿಸುವಿಕೆ. ಜುಲೈನಲ್ಲಿ ನಾನು ಅವನಿಂದ ಹತ್ತು ಹೆಜ್ಜೆ ಹಿಂದೆ ನಡೆದೆ. ಆಗಸ್ಟಿನಲ್ಲಿ ಇಪ್ಪತ್ತು. ಗುರುತು ಸಿಗಬಾರದು ಅಂತ ಒಂದು ಬೆಳಿಗ್ಗೆ ಅಜ್ಜಿಯ ಕಂದು ಶಾಲು ತಲೆಗೆ ಹೊದ್ದು, ತೆಂಗಿನಕಾಯಿ ಲಾರಿಯ ಹಿಂದೆ ಕುಂಟುತ್ತ ಹೋಗಿ ನಿಂತೆ. ಪಕ್ಕದ ಅಂಗಡಿಯವರು ಯಾರೋ ಪಾಪ ಅಂತ ಒಂದು ಬಾಳೆಹಣ್ಣು ಕೊಟ್ಟರು. ಮಧು ಅಣ್ಣ ರಸ್ತೆಯ ಅಂಚಿನಲ್ಲಿ ನಿಂತವನು ತಿರುಗಿದ. ನೇರವಾಗಿ ನನ್ನ ಹತ್ತಿರ ಬಂದ. ಶಾಲು ಎತ್ತಿ ನೋಡಿದ. ನಗಲಿಲ್ಲ. ನನ್ನ ಕೈ ಹಿಡಿದುಕೊಂಡು, “ಬಾ, ದಾಟಿಸ್ತೀನಿ” ಅಂದ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮತ್ತೆ ಬಲಕ್ಕೆ ನೋಡಿದ. ಒಂದು ಬಸ್ಸು, ಎರಡು ಲಾರಿ ಹೋಗುವವರೆಗೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದ ಅಂದರೆ, ಥೇಟ್ ನೀನು ಅವನನ್ನು ಹಿಡಿದುಕೊಳ್ಳುವ ಹಾಗೆ. ಆಚೆ ದಡ ಸೇರಿಸಿ, “ಈಗ ಮನೆಗೋಗು” ಅಂದ. ಮನೆ ಈಚೆ ದಡದಲ್ಲಿತ್ತು ಅನ್ನುವುದು ಬೇರೆ ಮಾತು. ಅಲ್ಲಿಂದ ಮುಂದೆ ನಾನು ಹಿಂಬಾಲಿಸುವ ದೂರವನ್ನು ಇನ್ನಷ್ಟು ಹೆಚ್ಚಿಸಿಕೊಂಡೆ.

ಈಗ ಮುದ್ದಮ್ಮತ್ತೆ ನಿನಗೆ ಬರೆದ ವಿಷಯ. ಪಕ್ಕದ ಮನೆಯವರಾಗಿ ಅವರು ಬರೆದದ್ದು ತಪ್ಪಲ್ಲ, ಸುಳ್ಳೂ ಅಲ್ಲ. ಏಳನೇ ತಾರೀಕು ಗುರುವಾರ ಸಂಜೆ ಮಧು ಅಣ್ಣನನ್ನು ಒಬ್ಬರು ತಳ್ಳಿದ್ದು ನಿಜ, ಅವನ ಮೊಣಕೈ ತರಚಿದ್ದೂ ನಿಜ. ತಳ್ಳಿದವರು ಕಣಕಟ್ಟೆಯ ಕೆಂಚಪ್ಪ, ತೆಂಗಿನ ವ್ಯಾಪಾರಿ, ಅದಕ್ಕಿಂತ ಹೆಚ್ಚಾಗಿ ಮರಿಯಣ್ಣನ ಹೆಂಡತಿಯ ಅಣ್ಣ. ಸಂಜೆಯ ರೈಲು ಇಳಿದು ಬಂದವರ ಹತ್ತಿರ ಬಿಲ್ಲೆ ಇರಲಿಲ್ಲ, ಎಲ್ಲೋ ಬಿದ್ದುಹೋಗಿತ್ತು. ಅವರ ಲೂನಾ ರೈಲು ಸಾಲಿನಲ್ಲಿತ್ತು. ಅದನ್ನು ಎಳೆಯಲು ಹೋದಾಗ ಮಧು ಅಣ್ಣ ಅದರ ಹಿಂದಿನ ಚಕ್ರ ತಬ್ಬಿಕೊಂಡು ನೆಲದ ಮೇಲೆ ಕೂತುಬಿಟ್ಟ.

“ಬುಡ್ಲಾ ಗಾಡಿನಾ! ನಾನು ಯಾರು ಗೊತ್ತೇನ್ಲಾ?”

“ಗೊತ್ತು. ಕೆಂಚಪ್ಪಣ್ಣ. ಬಿಲ್ಲೆ ಕೊಡಿ.”

“ನಿಮ್ಮ ಮರಿಯಣ್ಣ ನನ್ನ ತಂಗಿ ಗಂಡ ಕಣ್ಲಾ!”

“ಬಿಲ್ಲೆ ಕೊಡಿ.”

ಹಿಂದೆ ಸಾಲುಗಟ್ಟಿ ನಿಂತವರು ಕೂಗಲು ಶುರುಮಾಡಿದರು. ಯಾರೋ ಒಬ್ಬರು, “ಇಂಥೋರ್ನೆಲ್ಲ ಯಾಕ್ರೀ ಕೆಲಸಕ್ಕಿಟ್ಕೋತೀರಾ?” ಅಂದರು. ಆಗ ಇಂದುಧರ ಅವರು ತಮ್ಮ ಬಿಲ್ಲೆ ಎತ್ತಿ ಹಿಡಿದು, “ರೀ ಸ್ವಾಮಿ, ನಾನು ಮೂರು ತಿಂಗಳಿಂದ ಕತ್ತೆ ನಾಲ್ಕು ಅಂತ ಒಪ್ಕೊಂಡು ಗಾಡಿ ತಗೊಂಡೋಗ್ತಿದ್ದೀನಿ, ನಿಮ್ಮದೇನ್ರೀ ದೊಡ್ಡದು?” ಅಂದರು. ಜನ ನಕ್ಕರು. ನಕ್ಕದ್ದಕ್ಕೇ ಕೆಂಚಪ್ಪನವರಿಗೆ ಉರಿದುಹೋಯಿತು. ತಳ್ಳಿದರು. ಆಗ ಟೀ ಅಂಗಡಿಯಲ್ಲಿ ಕಾವಲಿದ್ದ ನಿನ್ನ ಈ ಕಿರಿಯ ಪುತ್ರನು ಸಿಂಹದ ಮರಿಯಂತೆ ಹಾರಿ, ಅಣ್ಣನನ್ನು ಎತ್ತಿ ನಿಲ್ಲಿಸಿ, ಧೂಳು ಕೊಡವಿದನು ಎಂದು ಈ ಶಾಸನವು ಸಾರುತ್ತದೆ. ಮರಿಯಣ್ಣ ಓಡಿ ಬಂದ. ಹೆಂಡತಿಯ ಅಣ್ಣನ ಕೆಂಪು ಮುಖ ನೋಡಿದ. ಲೂನಾ ಬಿಡಿಸಿಕೊಟ್ಟು, ಮಧು ಅಣ್ಣನ ಕಡೆ ತಿರುಗಿ, “ನಾಳೆಯಿಂದ ಬರಬೇಡ ಕಣಪ್ಪಾ” ಅಂದ. ಆ ದಿನದ ಕಾರ್ಡಿನಲ್ಲಿ ‘ಎಲ್ಲ ಕ್ಷೇಮ, ತಿಂಡಿಗೆ ಉಪ್ಪಿಟ್ಟು’ ಅಂತ ಯಾಕಿತ್ತು ಅಂತ ಕೇಳಿದ್ದೀಯ. ನಿನ್ನ ರಕ್ತದೊತ್ತಡದ ಮೇಲಿನ ಕಾಳಜಿಯಿಂದ ಅಂತ ಉತ್ತರ.

ಮಾರನೆಯ ದಿನ ಏಳೂವರೆಗೆ ಮಧು ಅಣ್ಣ ಹೊರಟ. ಅಜ್ಜಿ, “ಬರಬ್ಯಾಡ ಅಂದವ್ರಂತಲ್ಲಪ್ಪಾ” ಅಂದಳು. ಅವನು ಚಪ್ಪಲಿ ಹಾಕಿಕೊಂಡ. ‘ನಾಳೆಯಿಂದ ಬರಬೇಡ’ ಅನ್ನುವುದಕ್ಕೆ ಅವನ ಹಾಳೆಯಲ್ಲಿ ಚಿತ್ರವೇ ಇರಲಿಲ್ಲ. ನಾನು ಹಿಂದಿನ ರಾತ್ರಿಯೇ ಎಸ್‌ಟಿಡಿ ಬೂತಿನಿಂದ ಮೇಡಂಗೆ ಫೋನು ಮಾಡಿದ್ದೆ, ಅವರು ಬೇಲೂರಿನ ಮೊದಲನೇ ಬಸ್ಸಿಗೇ ಬಂದಿಳಿದರು. ಅಷ್ಟು ಹೊತ್ತಿಗೆ ಅವನು ಮೊಣಕೈಗೆ ಬಟ್ಟೆ ಕಟ್ಟಿಕೊಂಡೇ ಆನೆ ಸಾಲು ಮುಗಿಸಿ ತೆಂಗಿನಕಾಯಿಗೆ ಬಂದಿದ್ದ. ಮರಿಯಣ್ಣ ಏನು ಮಾಡಬೇಕೋ ತೋಚದೆ ಪಕ್ಕದಲ್ಲಿ ನಿಂತಿದ್ದ.

ಮೇಡಂ ಬೇಡಿಕೊಳ್ಳಲಿಲ್ಲ, ಜಗಳವನ್ನೂ ಆಡಲಿಲ್ಲ. “ಮರಿಯಣ್ಣಾ, ಬಿಲ್ಲೆ ಕಳ್ಕೊಂಡು ಬಂದೋರಿಗೆ ಏನು ಮಾಡ್ಬೇಕು ಅಂತ ನೀವು ಅವನಿಗೆ ಹೇಳಿದ್ರಾ?” ಅಂತ ಕೇಳಿದರು.

“ಅದನ್ನೂ ಹೇಳ್ಬೇಕೇನಮ್ಮಾ? ಮುಖ ನೋಡಿದ್ರೆ ಗೊತ್ತಾಗಲ್ವಾ?”

“ಹೋದ ವರ್ಷ ಇದ್ದ ಹುಡುಗ ಮುಖ ನೋಡೇ ತಾನೆ ಎರಡು ಸೈಕಲ್ ಬಿಟ್ಟಿದ್ದು?”

ಮರಿಯಣ್ಣ ಕೆಮ್ಮಿದ. ಹೋದ ವರ್ಷ ಕಳುವಾದ ಆ ಎರಡು ಸೈಕಲ್ಲಿನ ಮಾಲೀಕರಿಗೆ ಕೈಮುಗಿದು ಮುಗಿದು ಅವನು ಸಾಕಾಗಿದ್ದ. “ತಪ್ಪು ನಂದೂ ಐತೆ, ನಾನೂ ಅದನ್ನ ಕಲಿಸ್ಲಿಲ್ಲ” ಅಂದರು ಮೇಡಂ. ಅವತ್ತೇ ಎಂಟನೇ ಚಿತ್ರ ಬಂತು: ಖಾಲಿ ಕೈ, ಅದರ ಪಕ್ಕದಲ್ಲಿ ಒಂದು ಗಂಟೆ. ಹಳೆಯ ಸೈಕಲ್ಲಿನ ಬೆಲ್ ಒಂದನ್ನು ಕಂಬಕ್ಕೆ ಬಿಗಿದರು. ಬಿಲ್ಲೆ ಇಲ್ಲದವರು ಬಂದರೆ ಮೂರು ಸಲ ಬೆಲ್ ಹೊಡೆಯುವುದು, ಮರಿಯಣ್ಣ ಎಲ್ಲಿದ್ದರೂ ಬಂದು ತೀರ್ಮಾನಿಸುವುದು. ಮಧು ಅಣ್ಣನಿಗೆ ಅದನ್ನು ಹನ್ನೆರಡು ಸಲ ಮಾಡಿಸಿದರು. ಬಿಲ್ಲೆ ಕಳೆದುಕೊಂಡವನ ಪಾತ್ರ ನನಗೆ ಕೊಟ್ಟರು, ನಾನು ಒಂದೊಂದು ಸಲವೂ ಒಂದೊಂದು ಥರ ಅತ್ತೆ, ಬೈದೆ, ಕಾಲಿಗೆ ಬಿದ್ದೆ. ಅವನು ಕರಗಲಿಲ್ಲ. ಹನ್ನೆರಡನೇ ಸಲ ಮರಿಯಣ್ಣನೇ ನಕ್ಕುಬಿಟ್ಟ. ‘ಬರಬೇಡ’ ಅನ್ನುವ ಮಾತು ಮತ್ತೆ ಬರಲಿಲ್ಲ.

ಮುಂದಿನ ವಾರ ಕೆಂಚಪ್ಪ ಮತ್ತೆ ಬಂದರು. ಈ ಸಲ ಬಿಲ್ಲೆಯನ್ನು ದಾರಕ್ಕೆ ಪೋಣಿಸಿ ಕತ್ತಿಗೆ ಹಾಕಿಕೊಂಡಿದ್ದರು. ಮಧು ಅಣ್ಣ ಹೊಂದಿಸಿ ನೋಡಿ ಲೂನಾ ಕೊಟ್ಟ. ಅವರು ಹೊರಟವರು ನಿಂತು, “ಕೈ ವಾಸಿ ಆಯ್ತೇನ್ಲಾ?” ಅಂದರು. ಅವನು ಮೊಣಕೈ ಎತ್ತಿ ತೋರಿಸಿದ. ಆಯುಧಪೂಜೆಯ ದಿನ ಸ್ಟ್ಯಾಂಡಿನ ಸೈಕಲ್ಲುಗಳಿಗೆಲ್ಲ ಕುಂಕುಮ ಇಟ್ಟವನೂ ಅವನೇ. ಕುಂಕುಮ ಉಳಿಯಿತು ಅಂತ ಇಂದುಧರ ಅವರಿಗೂ ಇಟ್ಟ.

ಇನ್ನೊಂದು ಪ್ರಶ್ನೆ ಕೇಳಿದ್ದೀಯ. ಇಪ್ಪತ್ಮೂರನೇ ತಾರೀಕು ಹಾಕಿದ ಕಾರ್ಡು ಹದಿನಾಲ್ಕನೇ ತಾರೀಕೇ ನಿನ್ನ ಕೈ ಸೇರಿದ್ದು ಹೇಗೆ ಅಂತ. ನಮ್ಮ ಅಂಚೆ ಇಲಾಖೆ ದಿನೇ ದಿನೇ ಚುರುಕಾಗುತ್ತಿದೆ ಅಂತಷ್ಟೇ ಈ ಹಂತದಲ್ಲಿ ಹೇಳಬಲ್ಲೆ.

ಅಮ್ಮಾ, ಈಗ ತಮಾಷೆ ಬಿಟ್ಟು ಎರಡು ಮಾತು. ನಿನ್ನ ಹೆದರಿಕೆ ಎಲ್ಲಿಂದ ಶುರುವಾಯಿತು ಅಂತ ನನಗೆ ಗೊತ್ತು. ಹಳೇಬೀಡು. ನನಗೆ ಏಳು, ಅವನಿಗೆ ಹದಿಮೂರು. ನೀನು ನೀರು ತರಲು ಹೋಗುವಾಗ ಅವನ ಕೈಯನ್ನು ನನ್ನ ಕೈಯಲ್ಲಿಟ್ಟು, “ಬಿಡಬೇಡ” ಅಂದೆ. ನಾನು ಆಟ ಆಡಿಸೋಣ ಅಂತ ಬಿಟ್ಟು ದೊಡ್ಡ ನಂದಿಯ ಹಿಂದೆ ಅಡಗಿ ಕೂತೆ. ಎದ್ದು ಬಂದಾಗ ಅವನಿರಲಿಲ್ಲ. ಮೂರು ಗಂಟೆ. ನೀನು ಕೆರೆಯ ಏರಿಯ ಮೇಲೆ ಓಡಿದ್ದು, ನೀರಿನ ಕಡೆ ನೋಡಿದ್ದು ಈಗಲೂ ನನ್ನ ಕಣ್ಣಲ್ಲಿದೆ. ಆಮೇಲೆ ಅವನು ಎಲ್ಲಿ ಸಿಕ್ಕಿದ, ನೆನಪಿದೆಯಾ? ಬಾಗಿಲಲ್ಲಿ ಜನ ಚಪ್ಪಲಿ ಬಿಡುವ ಜಾಗದಲ್ಲಿ. ಚೆಲ್ಲಾಪಿಲ್ಲಿ ಬಿದ್ದಿದ್ದ ಅಷ್ಟೂ ಚಪ್ಪಲಿಗಳನ್ನು ಜೋಡಿ ಜೋಡಿ ಮಾಡಿ ಸಾಲಾಗಿ ಇಟ್ಟುಕೊಂಡು ಕೂತಿದ್ದ. ನೀನು ಅವನನ್ನು ತಬ್ಬಿಕೊಂಡು ಅಳುತ್ತಿದ್ದೆ, ಅವನು ನಿನ್ನ ಹೆಗಲ ಮೇಲಿಂದ ಕೈ ಚಾಚಿ ಇನ್ನೊಂದು ಚಪ್ಪಲಿ ಸರಿಮಾಡುತ್ತಿದ್ದ. ನಾವು ಅವನು ಕಳೆದುಹೋದ ಅಂತ ಮಾತ್ರ ನೆನಪಿಟ್ಟುಕೊಂಡೆವು. ಹದಿಮೂರು ವರ್ಷ ನೀನು ಅವನ ಕೈ ಬಿಡಲಿಲ್ಲ, ತಲೆ ಬಾಚಿದೆ, ಗುಂಡಿ ಹಾಕಿದೆ. ಈಗ ಗುಂಡಿ ಅವನೇ ಹಾಕಿಕೊಳ್ಳುತ್ತಾನೆ. ಒಂದು ಮೇಲೆ ಕೆಳಗೆ ಆಗುತ್ತದೆ, ಸ್ಟೇಷನ್ನಿನಲ್ಲಿ ಯಾರೂ ನೋಡುವುದಿಲ್ಲ.

ಕ್ವಾರ್ಟರ್ಸಿನಲ್ಲಿ ನೀನು ಡ್ಯೂಟಿಗೆ ಹೋದ ಮೇಲೆ ಅವನು ಏನು ಮಾಡುತ್ತಾನೆ ಅಮ್ಮಾ? ಅಲ್ಲಿ ಅವನನ್ನು ಯಾರು ಬೈಯುತ್ತಾರೆ, ಯಾರು ಹೆಸರು ಹಿಡಿದು ಕೂಗುತ್ತಾರೆ, ‘ನನ್ನ ಕತ್ತೆ ಎಲ್ಲಪ್ಪಾ’ ಅಂತ ಯಾರು ಕೇಳುತ್ತಾರೆ? ದೀಪಾವಳಿಗೆ ಬಾ. ಟ್ರಂಕು ತರಬೇಡ. ಗಾಡಿ ಇಳಿದು ಸೀದಾ ಸ್ಟ್ಯಾಂಡಿಗೆ ಹೋಗು, ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಎರಡು ಟೀ ಕುಡಿ. ಅವನನ್ನು ಕೂಗಬೇಡ. ಆಮೇಲೂ ಕರೆದುಕೊಂಡು ಹೋಗಬೇಕು ಅನ್ನಿಸಿದರೆ ಬಟ್ಟೆ ನಾನೇ ಜೋಡಿಸಿಕೊಡುತ್ತೇನೆ.

ಅಜ್ಜಿ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ಕಾಲಿಗೆ ಉಪ್ಪುನೀರು ಕಾಯಿಸಿ ಇಟ್ಟುಕೊಳ್ಳಬೇಕಂತೆ. ಮಧು ಅಣ್ಣ ಏನು ಬರೆಯಲಿ ಅಂದರೆ, “ಡ್ಯೂಟಿ ಐತೆ ಅಂತ ಬರಿ” ಅಂದ. ಬರೆದಿದ್ದೇನೆ.

ಸದಾ ನಿನ್ನ ಆಜ್ಞಾಧಾರಕನೂ, ಬಿ.ಎಚ್. ರಸ್ತೆಯ ಮಹಾದಂಡನಾಯಕನೂ, ಕತ್ತೆ ಸಾಲಿನ ರೂವಾರಿಯೂ ಆದ,

ರಾಹುಲ

ಮರೆತ ಮಾತು: ಅಮ್ಮಾ, ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಬೈಯಬೇಡ, ಬೈದರೂ ಓದಿ ಮುಗಿಸಿ ಬೈಯಿ. ಆ ಏಳನೇ ತಾರೀಕು ನಾನು ಸಿಂಹದ ಮರಿಯಂತೆ ಹಾರಲಿಲ್ಲ. ನಾನು ಅಲ್ಲಿರಲೇ ಇಲ್ಲ. ಕಾಲೇಜು ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದೆ. ಅವನು ತಾನೇ ಎದ್ದ, ತಾನೇ ನಲ್ಲಿಯಲ್ಲಿ ಕೈ ತೊಳೆದುಕೊಂಡ, ಒಬ್ಬನೇ ರಸ್ತೆ ದಾಟಿ ಮನೆಗೆ ಬಂದು ಅಜ್ಜಿಗೆ ಹೇಳಿದ. ಜಗಳದ ಮಾತೆಲ್ಲ ಇಂದುಧರ ಅವರ ಬಾಯಿಂದ ಕೇಳಿ ಬರೆದದ್ದು. ಶಾಲಿನ ಪ್ರಸಂಗ ಆಗಸ್ಟ್ ಮೂವತ್ತೊಂದರದು. ಅವತ್ತು ಅವನು ಮನೆಗೋಗು ಅಂದ, ನಾನು ಬಂದೆ, ಮತ್ತೆ ಹಿಂದೆ ಹೋಗಲಿಲ್ಲ. ಅವತ್ತೇ ಕೂತು ಐವತ್ತು ಕಾರ್ಡು ಒಟ್ಟಿಗೆ ಬರೆದೆ, ಮುಂದಿನ ತಾರೀಕುಗಳನ್ನೂ ಹಾಕಿ ರಬ್ಬರ್‌ಬ್ಯಾಂಡ್ ಸುತ್ತಿ ಅವನಿಗೆ ಕೊಟ್ಟೆ. ದಿನಕ್ಕೊಂದು, ಸ್ಟೇಷನ್ನಿನ ಕೆಂಪು ಡಬ್ಬಕ್ಕೆ. ಉಪ್ಪಿಟ್ಟು ಎಲ್ಲ ಕಾರ್ಡಿನಲ್ಲೂ ಇದ್ದದ್ದು ಅದಕ್ಕೇ. ಮಧ್ಯದಲ್ಲಿ ಒಮ್ಮೆ ಕಟ್ಟು ಬಿದ್ದು ಕಲಸಿಹೋಯಿತು, ಅವನು ಜೋಡಿಸಿದ ಕ್ರಮದಲ್ಲಿ ಇಪ್ಪತ್ಮೂರು ಮೊದಲು ಬಂತು. ಹಳೇಬೀಡಿನಲ್ಲಿ ಕೈ ಬಿಟ್ಟದ್ದು ಮೂರು ಗಂಟೆ. ಈ ಸಲ ಭಾನುವಾರ ಕಳೆದು ನಲವತ್ತಾರು ದಿನ. ಆ ಕಾರ್ಡುಗಳನ್ನೆಲ್ಲ ತೆಗೆದು ಸಾಲಾಗಿ ಇಟ್ಟು ನೋಡು. ನಾನು ಬರೆದ ತಾರೀಕು ನಂಬಬೇಡ, ಅದು ನನ್ನದು. ಅಂಚೆಯ ಮುದ್ರೆಯ ತಾರೀಕು ನೋಡು, ಅದು ಅವನದು. ಭಾನುವಾರ ಬಿಟ್ಟರೆ ಒಂದೂ ತಪ್ಪಿಲ್ಲ. ಶಿಸ್ತಿನವನು ಅಂತ ಬರೆದಿದ್ದೆಯಲ್ಲ, ಆ ಚೀಟಿಯನ್ನು ಗೋಡೆಯಿಂದ ಕಿತ್ತು ಅವನ ಖಾಕಿ ಅಂಗಿಯ ಜೇಬಿಗೆ ಹಾಕಿದ್ದೇನೆ.

ಈ ಕಾಗದವನ್ನೂ ನಾಳೆ ಏಳೂವರೆಗೆ ಹೊರಟು ಅವನೇ ಡಬ್ಬಕ್ಕೆ ಹಾಕುತ್ತಾನೆ. ಆಗ ನಾನು ಎದ್ದಿರುವುದಿಲ್ಲ.